ಕಡಿತದ ಗೂಟ ಎಲ್ಲಿ ಬೀಳಬೇಕು?

ಘಟ್ಟದ ರಸ್ತೆಗೆ ಗುಡ್ಡ ಕಡಿಯುವಾಗ ಇಳಿಜಾರಿನ ಗೂಟವನ್ನು ನಕ್ಷೆಯ ದೂರ ನೋಡಿ ಹೊಡೆದರೆ ಸಾಲದು. ಗೂಟ ಗುರುತಿಸಬೇಕಾದ ಕಡಿತದ ಮೇಲಂಚು ನೆಲದ ಏರಿಳಿತದ ಜೊತೆ ಸರಿಯುತ್ತದೆ. ಇಳಿಜಾರು 1:1, ರಸ್ತೆಯಂಚಿನಲ್ಲಿ ನೆಲ ರಸ್ತೆ ಮಟ್ಟಕ್ಕಿಂತ 4 ಮೀಟರ್ ಎತ್ತರ ಎಂದುಕೊಳ್ಳಿ. 4 ಮೀಟರ್ ಆಚೆ ಪ್ರಿಸಂ ಕೋಲು ನಿಲ್ಲಿಸಿದಾಗ ಅಲ್ಲಿ ನೆಲ 5 ಮೀಟರ್ ಎತ್ತರವಿದ್ದರೆ ಇಳಿಜಾರು ಇನ್ನೂ ನೆಲ ಮುಟ್ಟಿಲ್ಲ; ಇನ್ನಷ್ಟು ಆಚೆ ಹೋಗಿ ಮತ್ತೆ ಅಳೆಯಬೇಕು. ಟೋಟಲ್ ಸ್ಟೇಷನ್ ಯಂತ್ರ ಆ ಕೋಲಿನ ಪ್ರಿಸಂಗೆ ಗುರಿಯಿಟ್ಟು ಕೋನ, ದೂರ ಅಳೆದ ಕೂಡಲೇ ಸಾಫ್ಟ್‌ವೇರ್ ಅದನ್ನು ವಿನ್ಯಾಸಕ್ಕೆ ಹೋಲಿಸಿ ಎಷ್ಟು ಸರಿಯಬೇಕೆಂದು ತೋರಿಸುತ್ತದೆ. ಲೆವೆಲ್ ಯಂತ್ರ, ಟೇಪಿನಿಂದಲೂ ಈ ಕೆಲಸ ನಡೆಯುತ್ತಿತ್ತಲ್ಲ ಎನ್ನಬಹುದು. ನಡೆಯುತ್ತಿತ್ತು, ನಿಜ, ಆದರೆ ಕಡಿದಾದ ಜಾಗದಲ್ಲಿ ಟೇಪನ್ನು ಸಮತಲವಾಗಿ ಹಿಡಿಯುವುದೇ ಕಷ್ಟ. ಟೋಟಲ್ ಸ್ಟೇಷನ್ ಅನ್ನೇ ನಂಬಬಹುದೇ ಎಂಬ ಆತಂಕಕ್ಕೆ ಮಾತ್ರ ಹೆಚ್ಚು ತೂಕವಿದೆ. ಪ್ರಿಸಂ ಎತ್ತರ 1.5 ಮೀಟರ್ ಬದಲು 1.8 ಎಂದು ದಾಖಲಾದರೆ ಪ್ರತಿ ಗೂಟವೂ ತಪ್ಪು ಜಾಗಕ್ಕೆ ಬೀಳುತ್ತದೆ, ಪರದೆ ಸರಿ ಎನ್ನುತ್ತಲೇ ಇರುತ್ತದೆ. ಹಾಗಾಗಿ ಗೊತ್ತಿರುವ ಬೆಂಚ್‌ಮಾರ್ಕಿನ ಮೇಲೆ ಎತ್ತರ ತಾಳೆ ನೋಡಿದ ನಂತರವೇ ಜೆಸಿಬಿ ಇಳಿಸಬೇಕು.