ಸರೋವರಗಳ ದಾರಿಯಲ್ಲಿ ಮೇಕೆಗೂದಲ ಹಗ್ಗ

ವಿಶನ್‌ಸರ್‌ನ ನೀರಿಗೆ ಇಂಥದೇ ಬಣ್ಣ ಎಂಬುದಿಲ್ಲ. ಬಿಸಿಲು ನೆತ್ತಿಗೇರಿದಾಗ ಗಿಣಿಹಸಿರು, ಮೋಡದ ನೆರಳು ಹಾಯ್ದರೆ ಕಡುನೀಲಿ, ಗಾಳಿ ಎದ್ದರೆ ಬೂದು. ಸುಮಾರು 3,700 ಮೀಟರ್ ಎತ್ತರದಲ್ಲಿ, ಮೂರು ಕಡೆ ಬೋಳು ಬೆಟ್ಟ ಒಂದು ಕಡೆ ಹುಲ್ಲುಗಾವಲು ಇರುವ ಈ ಸರೋವರದ ದಂಡೆಯಲ್ಲಿ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನದಿಂದ ಸಂಜೆಯವರೆಗೆ ಕೂತಿದ್ದೆ. ಕ್ಯಾಮೆರಾ ಹಿಡಿದವರೆಲ್ಲ ನೀರಿನತ್ತ ತಿರುಗಿದ್ದರು. ನನ್ನ ಕಣ್ಣು ಮಾತ್ರ ಪಕ್ಕದಲ್ಲಿ ಕುದುರೆಗಳ ಹೇರು ಬಿಚ್ಚುತ್ತಿದ್ದ ಮುದುಕರೊಬ್ಬರ ಕೈಗೆ ಹೋಗಿ ನಿಂತಿತು.

ಕಾಶ್ಮೀರದ ಗಾಂದರ್‌ಬಲ್ ಜಿಲ್ಲೆಯ ಸೋನಮಾರ್ಗದಲ್ಲಿ ಹತ್ತಿ ನಾರಾನಾಗ್‌ನಲ್ಲಿ ಇಳಿಯುವ ಈ ಕಾಲುದಾರಿ 70 ಕಿಲೋಮೀಟರಿಗೆ ಸ್ವಲ್ಪ ಮೇಲೆ. ಚಾರಣದವರು ಇದನ್ನು ‘ಕಾಶ್ಮೀರ್ ಗ್ರೇಟ್ ಲೇಕ್ಸ್’ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ವಾರದ ನಡಿಗೆ. ನಿಚ್ನಾಯಿ, ಗಡ್‌ಸರ್, ಝಾಜ್ ಎಂಬ ಕಣಿವೆಬಾಯಿಗಳನ್ನು ದಾಟಬೇಕು. ಅವುಗಳಲ್ಲಿ ಗಡ್‌ಸರ್ ಎಲ್ಲಕ್ಕಿಂತ ಎತ್ತರ, ಹೆಚ್ಚುಕಡಿಮೆ 4,200 ಮೀಟರ್. ದಾರಿಯುದ್ದಕ್ಕೂ ವಿಶನ್‌ಸರ್, ಕಿಶನ್‌ಸರ್, ಗಡ್‌ಸರ್, ಸತ್‌ಸರ್, ಗಂಗಾಬಲ್, ನುಂದ್‌ಕೋಲ್. ಹಿಂದೊಮ್ಮೆ ಹಿಮನದಿಗಳು ಬೆಟ್ಟದ ತಲೆಯನ್ನು ಕೊರೆದು ಮಾಡಿದ ಬಟ್ಟಲುಗಳಲ್ಲಿ ಈಗ ಕರಗಿದ ಹಿಮ ನಿಂತಿದೆ. ಮುಂಗಾರು ಮೋಡಗಳನ್ನು ಪೀರ್ ಪಂಜಾಲ್ ಸಾಲು ಬಹುಮಟ್ಟಿಗೆ ತಡೆಯುವುದರಿಂದ, ಮಿಕ್ಕ ಹಿಮಾಲಯ ಮಳೆಯಲ್ಲಿ ತೊಯ್ಯುವ ಜುಲೈ, ಆಗಸ್ಟ್‌ನಲ್ಲೇ ಇಲ್ಲಿಯ ಹಾದಿ ತೆರೆದಿರುತ್ತದೆ. ಹಾಗೆಂದು ಮಳೆಯೇ ಇಲ್ಲ ಎಂದುಕೊಳ್ಳಬೇಡಿ. ಸಂಜೆಯ ಹೊತ್ತಿಗೆ ಒಂದು ಮೋಡ ಬಂದು ಡೇರೆಯ ಮೇಲೆ ಆಲಿಕಲ್ಲು ಸುರಿಸಿ ಹೋಗುವುದು ಇಲ್ಲಿಯ ವಾಡಿಕೆ.

ನಡಿಗೆ ಶುರುವಾಗುವ ಶಿಟ್‌ಕಡಿಯಲ್ಲಿ ಸೇನೆಯವರು ಆಧಾರ್ ಕಾರ್ಡು ನೋಡಿ ಹೆಸರು ಬರೆದುಕೊಂಡು ಬಿಡುತ್ತಾರೆ. ಅಲ್ಲಿಂದ ಏರು. ಹಿಂದೆ ತಿರುಗಿದರೆ ಥಾಜಿವಾಸ್ ಹಿಮನದಿ, ಕೆಳಗೆ ಸಿಂಧ್ ಹೊಳೆ, ಲೇಹ್ ಹೆದ್ದಾರಿಯ ಲಾರಿ ಸಾಲು. ಪೈನ್ ಮುಗಿದು ಭೂರ್ಜ ವೃಕ್ಷಗಳು ಬರುತ್ತವೆ, ಬಿಳಿ ತೊಗಟೆ ಸಿಪ್ಪೆಸಿಪ್ಪೆಯಾಗಿ ಎದ್ದಿರುತ್ತದೆ. ಹಳೆಯ ಕಾಶ್ಮೀರದ ಹಸ್ತಪ್ರತಿಗಳು ಈ ತೊಗಟೆಯ ಮೇಲೆ ಬರೆದವು. ಭೂರ್ಜವೂ ಮುಗಿದ ಮೇಲೆ ಹುಲ್ಲು, ಬಂಡೆ, ನೀರು ಇಷ್ಟೇ. ಬಂಡೆಯ ಮೇಲೆ ಎದ್ದು ನಿಂತು ಸಿಳ್ಳೆ ಹಾಕುವ ಮಾರ್ಮಟ್‌ಗಳು ನಾವು ಬರುವ ಸುದ್ದಿಯನ್ನು ಮುಂಚೆಯೇ ಮುಟ್ಟಿಸುತ್ತಿದ್ದವು.

ಮುದುಕರ ವಿಷಯಕ್ಕೆ ಬರುತ್ತೇನೆ. ಅವರು ಬಕರ್‌ವಾಲ್ ಜನ. ಮೇಕೆ, ಕುರಿ, ಕುದುರೆ ಕಟ್ಟಿಕೊಂಡು ಚಳಿಗಾಲಕ್ಕೆ ಜಮ್ಮುವಿನ ಕೆಳನಾಡಿಗೆ ಇಳಿದು, ಏಪ್ರಿಲ್ ಮುಗಿಯುವ ಹೊತ್ತಿಗೆ ಮತ್ತೆ ಬೆಟ್ಟ ಏರುವ ಅಲೆಮಾರಿಗಳು. 1991ರಲ್ಲಿ ಗುಜ್ಜರ್ ಮತ್ತು ಬಕರ್‌ವಾಲ್ ಸಮುದಾಯಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. ಈ ಮುದುಕರ ಅಣ್ಣತಮ್ಮಂದಿರು ಇನ್ನೂ ಕುರಿ ಕಾಯುತ್ತಾರೆ. ಇವರು ಮಾತ್ರ ಬೇಸಿಗೆಯಲ್ಲಿ ಚಾರಣದವರ ಹೇರು ಹೊರಿಸುವ ಕೆಲಸ ಹಿಡಿದಿದ್ದಾರೆ. ಎಲ್ಲರೂ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಚಾಚಾರ ಮೂರು ಕುದುರೆಗಳಲ್ಲಿ ಎರಡಕ್ಕೆ ನೀಲಿ ನೈಲಾನ್ ಹಗ್ಗ. ಮೂರನೆಯದಕ್ಕೆ, ಬೂದು ಬಣ್ಣದ ಮುದಿ ಹೆಣ್ಣುಕುದುರೆಗೆ, ಕಪ್ಪು ಕಂದು ಎಳೆಗಳು ಹೆಣೆದುಕೊಂಡ ದಪ್ಪ ಹಗ್ಗ. ಮುಟ್ಟಿ ನೋಡಿದೆ. ಒರಟು, ಆದರೆ ಕೈ ಕೊಯ್ಯುವುದಿಲ್ಲ.

‘ಇದು ಮೇಕೆಯ ಕೂದಲು ದೀದಿ. ನನ್ನ ಅಬ್ಬಾ ಹೊಸೆದದ್ದು. ನೆನೆದರೆ ಬಿಗಿಯುತ್ತೆ, ಒಣಗಿದರೆ ಸಡಿಲ ಆಗೋದಿಲ್ಲ. ಗಂಟು ಹಾಕಿದರೆ ಜಾರೋದಿಲ್ಲ. ಆ ನೀಲಿ ಹಗ್ಗ ಇದೆಯಲ್ಲ, ರಾತ್ರಿ ಹಿಮ ಬಿದ್ದರೆ ಕಬ್ಬಿಣದ ತಂತಿ ಆಗಿಬಿಡುತ್ತೆ. ಕುದುರೆಯ ಹೊಟ್ಟೆ ಕೆಳಗೆ ನೋಡಿ.’

ನೋಡಿದೆ. ಎಳೆಯ ಕುದುರೆಯ ಹೊಟ್ಟೆಗೆ ಅಡ್ಡಲಾಗಿ ಕೂದಲು ಉದುರಿ ಒಂದು ಗೆರೆ ಬಿದ್ದಿತ್ತು. ಒಂದು ಕಡೆ ಹುಣ್ಣು ಒಣಗಿ ಕಪ್ಪಾಗಿತ್ತು.

ಹಗ್ಗ ಮಾಡುವುದು ಹೇಗೆ ಎಂದು ಕೇಳಿದ್ದೇ ತಡ, ಚಾಚಾ ಚಹಾ ಮರೆತರು. ಕತ್ತರಿಸಿದ ಕೂದಲನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯಬೇಕು, ಧೂಳು ಮುಳ್ಳು ಹೋಗುವ ತನಕ. ಬೆರಳಿನಿಂದ ಬಿಡಿಸಿ ಹಗುರ ಮಾಡಬೇಕು. ಆಮೇಲೆ ತಕಲಿಗೆ ಹಾಕಿ ನೂಲು ತೆಗೆಯುವುದು. ಅದಕ್ಕೆಂದು ಯಾರೂ ಕೂರುವುದಿಲ್ಲ. ಮಂದೆಯ ಹಿಂದೆ ನಡೆಯುತ್ತಲೇ ನೂಲುವುದು. ಕೆಳನಾಡಿನಿಂದ ಬೆಟ್ಟಕ್ಕೆ ಬರುವ ದಾರಿಯಲ್ಲೇ ಒಂದು ಹಗ್ಗಕ್ಕೆ ಬೇಕಾದ ನೂಲು ಆಗಿಬಿಡುತ್ತಿತ್ತಂತೆ. ಬಂದು ಮುಟ್ಟಿದ ಮೇಲೆ ಇಬ್ಬರು ಎದುರುಬದುರು ನಿಂತು ಎಳೆಗಳನ್ನು ಕೂಡಿಸಿ ಹೊಸೆಯುವುದು. ಹೇಳುತ್ತ ಹೇಳುತ್ತ ಅವರ ಹೆಬ್ಬೆರಳು ತೋರುಬೆರಳು ತಾವಾಗಿ ತಿರುಗುತ್ತಿದ್ದವು. ‘ಈಗ ಮಂದೆಯೇ ಲಾರಿಯಲ್ಲಿ ಬರುತ್ತೆ. ನಡೆಯದೆ ನೂಲೋದು ಎಲ್ಲಿಂದ?’

ನಿಮ್ಮ ಮಗ ಮಾಡುತ್ತಾನೆಯೇ ಎಂದೆ. ಮಗನಿಗೆ ಗೊತ್ತಿಲ್ಲ, ಸೊಸೆಗೆ ಸ್ವಲ್ಪ ಗೊತ್ತು ಎಂದರು. ಸೊಸೆ ಕೆಳಗಿನ ಹುಲ್ಲುಗಾವಲಿನ ಢೋಕ್‌ನಲ್ಲಿದ್ದಳು. ಕಲ್ಲು ಪೇರಿಸಿ, ಮರದ ದಿಮ್ಮಿ ಹಾಸಿ, ಮೇಲೆ ಮಣ್ಣು ಮೆತ್ತಿದ ಬೇಸಿಗೆಮನೆ. ಮಾಳಿಗೆಯ ಮೇಲೆಯೇ ಹುಲ್ಲು ಬೆಳೆದು ದೂರದಿಂದ ನೆಲದಂತೆಯೇ ಕಾಣುತ್ತದೆ. ಅಲ್ಲಿಗೆ ಹೋದಾಗ ಒಲೆಯ ಪಕ್ಕ ಕೂರಿಸಿ ಉಪ್ಪು ಚಹಾ, ಜೋಳದ ರೊಟ್ಟಿ ಕೊಟ್ಟಳು. ಇಲ್ಲಿ ಜೋಳ ಎಂದರೆ ಮೆಕ್ಕೆಜೋಳ. ದುಡ್ಡು ತೆಗೆದರೆ ಮುಖ ತಿರುಗಿಸಿದಳು. ತಕಲಿ ಗೂಟಕ್ಕೆ ನೇತಾಡುತ್ತಿತ್ತು, ಅದರಲ್ಲಿ ಅರ್ಧ ನೂತ ಎಳೆ ಇತ್ತು. ಯಾವಾಗಿನದು ಎಂದರೆ ಹೋದ ವರ್ಷದ್ದು ಎಂದಳು.

ಬೆಳಗಾವಿ, ಬಾಗಲಕೋಟೆ ಕಡೆಯ ಕುರುಬರು ದಖನಿ ಕುರಿಗಳ ಹಿಂದೆ ವರ್ಷಕ್ಕೊಂದು ಸುತ್ತು ಹಾಕುವುದನ್ನು ಬಲ್ಲವರಿಗೆ ಇದೇನೂ ಹೊಸ ಕಥೆಯಲ್ಲ. ನಮ್ಮ ಕರಿಕಂಬಳಿ ಸಂತೆಯಲ್ಲಿ ಮೂಲೆಗೆ ಸರಿದ ಹಾಗೆಯೇ ಇಲ್ಲಿ ಈ ಹಗ್ಗ ಸರಿಯುತ್ತಿದೆ. ಆದರೆ ಕಂಬಳಿಗೆ ಇನ್ನೂ ದೇವರ ಗದ್ದುಗೆ, ಮದುವೆಯ ಹಾಸು ಎಂಬ ಸ್ಥಾನವಾದರೂ ಉಳಿದಿದೆ. ಹಗ್ಗಕ್ಕೆ ಅಂಥ ಮರ್ಯಾದೆ ಯಾರು ಕೊಟ್ಟಾರು? ಚಾರಣದ ಕಂಪನಿಗಳು ಸಾವಿರಾರು ಜನರನ್ನು ಈ ದಾರಿಯಲ್ಲಿ ಕರೆತರುತ್ತವೆ. ಅವರಲ್ಲಿ ಒಬ್ಬೊಬ್ಬರು ಒಂದೊಂದು ಮಾರು ಹಗ್ಗ ಕೊಂಡರೂ ಈ ಕಸುಬು ಬದುಕುತ್ತದೆ ಎಂದು ನನಗೆ ಅನ್ನಿಸಿತು. ಕುದುರೆಗಳ ಹೊಟ್ಟೆಗಂತೂ ಒಳ್ಳೆಯದೇ.

ಕುದುರೆಯವರ ದೂರು ಬೇರೆ ಇದೆ. ಕೂಲಿ ಚಾರಣಿಗರಿಂದ ನೇರವಾಗಿ ಸಿಗುವುದಿಲ್ಲ. ನಡುವೆ ಗುತ್ತಿಗೆದಾರ, ಅವನ ಮೇಲೆ ಇನ್ನೊಬ್ಬ. ದುಡ್ಡು ಕೈಗೆ ಬರಲು ಕೆಲವೊಮ್ಮೆ ಸೀಸನ್ನೇ ಮುಗಿಯುತ್ತದಂತೆ. 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಕಣಿವೆಯ ಹಲವು ತಾಣಗಳಿಗೆ ಬೀಗ ಬಿತ್ತು. ಪ್ರವಾಸಿಗರನ್ನೇ ನಂಬಿದವರಿಗೆ ಹೊಟ್ಟೆಯ ಮೇಲೆ ಹೊಡೆತ. ಕುರಿ ಕಾಯುವವರ ದೂರು ಇನ್ನೊಂದು. ಗುಂಪುಗುಂಪಾಗಿ ಬರುವ ಹೇರುಕುದುರೆ, ಹೇಸರಗತ್ತೆಗಳು ರಾತ್ರಿಯೆಲ್ಲ ಮೇಯುವುದು ಇವರ ಮಂದೆ ಮೇಯಬೇಕಾದ ಹುಲ್ಲನ್ನೇ. ಕಾಲುದಾರಿ ಅಗಲವಾಗುತ್ತ ಆಗುತ್ತ ಕೆಲವು ಕಡೆ ಇಳಿಜಾರು ಬೋಳಾಗಿ ಮಣ್ಣು ಜಾರಿದೆ. ಚಾಚಾ ಎರಡೂ ಕಡೆಯವರು. ತಮ್ಮನ ಕುರಿಯ ಹುಲ್ಲನ್ನು ತನ್ನ ಕುದುರೆ ತಿನ್ನುತ್ತದೆ ಎಂದು ಅವರೇ ಹೇಳಿದರು. ಇದಕ್ಕೆ ಏನು ಮಾಡಬೇಕು ಎಂದು ಕೇಳಿದ್ದಕ್ಕೆ, ‘ಜನ ಬರಲಿ, ಸಾಮಾನು ಕಡಿಮೆ ತರಲಿ’ ಎಂದರು. ಇಷ್ಟು ಚೊಕ್ಕ ಉತ್ತರವನ್ನು ನಾನು ಯಾವ ಪ್ರವಾಸೋದ್ಯಮ ಸಭೆಯಲ್ಲೂ ಕೇಳಿಲ್ಲ.

ನಿಜಕ್ಕೂ ವಿಶನ್‌ಸರ್ ದಂಡೆಯಲ್ಲಿ ಡೇರೆಗಳ ಸಂತೆಯೇ ನೆರೆದಿತ್ತು ಅವತ್ತು. ಬೆಂಗಳೂರಿನ ಹುಡುಗ ಹುಡುಗಿಯರೇ ಬಹಳ, ನೀರಿನ ಬಾಟಲಿ ತುಂಬಿಸುವಲ್ಲಿ ಕನ್ನಡವೇ ಕಿವಿಗೆ ಬೀಳುತ್ತಿತ್ತು. ಅಡುಗೆ ಡೇರೆ, ಊಟದ ಡೇರೆ, ಶೌಚದ ಡೇರೆ. ಕೊನೆಯದು ತೊರೆಗೆ ತೀರ ಹತ್ತಿರ. ಅದೇ ತೊರೆಯ ನೀರನ್ನು ಕೆಳಗಿನ ಢೋಕ್‌ನವರು ಕುಡಿಯುತ್ತಾರೆ. ಬಂಡೆಗಳ ಸಂದಿನಲ್ಲಿ ಬಿಸ್ಕತ್ತಿನ ಹಾಳೆ, ಒದ್ದೆ ಟಿಶ್ಯೂ. ನೋಡಿ ಸಂಕಟವಾಯಿತು. ಕೆಲವು ಹುಡುಗರು ಚೀಲ ಹಿಡಿದು ಕಸ ಆರಿಸುತ್ತಿದ್ದರು ಎಂಬುದನ್ನೂ ಹೇಳಲೇಬೇಕು. ಆರಿಸುವವರು ನಾಲ್ವರು, ಎಸೆಯುವವರು ಲೆಕ್ಕವಿಲ್ಲ.

ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ತಿಳಿದರೆ ಎಸೆಯುವ ಕೈ ತಡೆದೀತು. ಕಿಶನ್‌ಸರ್ ತುಂಬಿ ವಿಶನ್‌ಸರ್‌ಗೆ ಇಳಿಯುತ್ತದೆ. ಅಲ್ಲಿಂದ ಹೊರಟದ್ದೇ ಕಿಶನ್‌ಗಂಗಾ ನದಿ. ಗುರೇಜ್ ಕಣಿವೆ ಹಾದು, ಗಡಿ ನಿಯಂತ್ರಣ ರೇಖೆ ದಾಟಿ, ಆಚೆ ನೀಲಂ ಎನಿಸಿಕೊಂಡು ಮುಜಫರಾಬಾದಿನ ಬಳಿ ಝೇಲಂ ಸೇರುತ್ತದೆ. ಗುರೇಜಿನಲ್ಲಿ ಇದರ ಒಂದು ಪಾಲನ್ನು ಸುಮಾರು 23 ಕಿಲೋಮೀಟರ್ ಸುರಂಗದಲ್ಲಿ ತಿರುಗಿಸಿ ಬಂಡಿಪೋರಾ ಕಡೆಗೆ ತಂದು 330 ಮೆಗಾವಾಟ್ ವಿದ್ಯುತ್ ತೆಗೆಯುತ್ತಾರೆ. ಯೋಜನೆ 2018ರಲ್ಲಿ ಉದ್ಘಾಟನೆಯಾಯಿತು. ಬೆಟ್ಟದ ಇನ್ನೊಂದು ಕಡೆಯ ಗಂಗಾಬಲ್ ನೀರು ನುಂದ್‌ಕೋಲ್‌ಗೆ ಇಳಿದು, ವಾಂಗತ್ ತೊರೆಯಾಗಿ, ಸಿಂಧ್ ಹೊಳೆಯ ಮೂಲಕ ಅದೇ ಝೇಲಂ ಮುಟ್ಟುತ್ತದೆ.

ಗಡ್‌ಸರ್ ಬಗ್ಗೆ ಇನ್ನಷ್ಟು ಬರೆಯಬೇಕಿತ್ತು. ಮೇಲಿನ ಕಣಿವೆಬಾಯಿಯಿಂದ ಇಳಿದರೆ ನೀಲಿ ಗಸಗಸೆ ಹೂ ಬಂಡೆ ನಡುವೆ ಒಂಟೊಂಟಿಯಾಗಿ, ಕೆಳಗೆ ಹಳದಿ ನೇರಳೆ ಹೂಗಳ ಇಡೀ ಬಯಲು. ಸರೋವರದ ಅಂಚಿನಲ್ಲಿ ಆಗಸ್ಟಿನಲ್ಲೂ ನೀರ್ಗಲ್ಲಿನ ತುಂಡು ತೇಲುತ್ತಿತ್ತು. ಸತ್‌ಸರ್ ನನಗೆ ಅಷ್ಟಾಗಿ ಹಿಡಿಸಲಿಲ್ಲ, ಸಣ್ಣ ಕೊಳಗಳು, ಕೆಲವು ಆಗಲೇ ಬತ್ತುತ್ತಿದ್ದವು, ದಾರಿಯೆಲ್ಲ ಬಂಡೆ. ಆದರೆ ಅದರಾಚೆಯ ಏರನ್ನು ಹತ್ತಿ ನಿಂತಾಗ ಒಮ್ಮೆಗೇ ಗಂಗಾಬಲ್, ನುಂದ್‌ಕೋಲ್ ಎರಡೂ ಕೆಳಗೆ ಕಾಣುತ್ತವೆ, ಅವುಗಳ ಮೇಲೆ 5,142 ಮೀಟರಿನ ಹರಮುಖ್ ಹಿಮ ಹೊತ್ತು ನಿಂತಿರುತ್ತದೆ. ಇಡೀ ದಾರಿಯಲ್ಲಿ ಇದಕ್ಕಿಂತ ದೊಡ್ಡ ನೋಟವಿಲ್ಲ.

ಇತಿಹಾಸ ಸಂಕ್ಷಿಪ್ತವಾಗಿ: ನಾರಾನಾಗ್‌ನ ಕಲ್ಲಿನ ಶಿವಾಲಯಗಳ ಗುಂಪು 8ನೇ ಶತಮಾನದ ಲಲಿತಾದಿತ್ಯ ಮುಕ್ತಾಪೀಡನ ಕಾಲದ್ದು ಎಂದು ಹೇಳುತ್ತಾರೆ, ಈಗ ಪಾಳು. ಗಂಗಾಬಲ್‌ನಲ್ಲಿ ಕಾಶ್ಮೀರಿ ಪಂಡಿತರು ಅಸ್ಥಿ ಬಿಡುತ್ತಿದ್ದರು; ನಿಂತುಹೋಗಿದ್ದ ಯಾತ್ರೆ 2009ರಲ್ಲಿ ಮತ್ತೆ ಶುರುವಾಯಿತು. 1856ರಲ್ಲಿ ಬ್ರಿಟಿಷ್ ಸರ್ವೇಕ್ಷಕ ಮಾಂಟ್‌ಗೊಮೆರಿ ಹರಮುಖ್ ಮೇಲೆ ನಿಂತು, ಇನ್ನೂರು ಕಿಲೋಮೀಟರಿಗೂ ಆಚೆಯ ಕಾರಕೋರಂ ಶಿಖರಗಳಿಗೆ ಕೆ-1, ಕೆ-2 ಎಂದು ಗುರುತು ಹಾಕಿದ. ಜಗತ್ತಿನ ಎರಡನೇ ಅತಿ ಎತ್ತರದ ಶಿಖರಕ್ಕೆ ಆ ಗುರುತೇ ಹೆಸರಾಗಿ ಉಳಿಯಿತು. ಇಲ್ಲಿಯ ನೀರಿನಲ್ಲಿ ಆಡುವ ಬ್ರೌನ್ ಟ್ರೌಟ್ ಮೀನನ್ನು ಕಾಶ್ಮೀರಕ್ಕೆ ತಂದವರೂ ಬ್ರಿಟಿಷರೇ. ಕನ್ನಡಿಗರಿಗೆ ಕಾಶ್ಮೀರದ ನಂಟು ಹೊಸದಲ್ಲ: 11ನೇ ಶತಮಾನದಲ್ಲಿ ಈ ಕಣಿವೆ ಬಿಟ್ಟು ಹೊರಟ ಕವಿ ಬಿಲ್ಹಣ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಸೇರಿ ಅವನ ಚರಿತೆಯನ್ನೇ ಬರೆದ.

ನಾರಾನಾಗ್‌ಗೆ ಇಳಿಯುವ ಕೊನೆಯ ದಿನದ ಇಳಿಜಾರು ಮೊಣಕಾಲಿಗೆ ಕಷ್ಟ, ಸಾವಿರ ಮೀಟರಿಗೂ ಹೆಚ್ಚು ಒಂದೇ ಸಮ ಇಳಿಯಬೇಕು. ಕೋಲು ಇರಲಿ.

ಹೋಗುವ ಮನಸ್ಸಿದ್ದವರಿಗೆ ಹೇಳುವುದಿಷ್ಟು. ಜುಲೈ ಮಧ್ಯದಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ ಒಳ್ಳೆಯ ಕಾಲ. ಆ ವರ್ಷ ದಾರಿಗೆ ಅನುಮತಿ ಇದೆಯೇ ಎಂದು ಮೊದಲೇ ವಿಚಾರಿಸಿ. ದುಡ್ಡು ಕಟ್ಟುವ ಮುನ್ನ ನಿಮ್ಮನ್ನು ಕರೆದೊಯ್ಯುವವರಿಗೆ ಮೂರು ಪ್ರಶ್ನೆ ಕೇಳಿ: ಶೌಚದ ಡೇರೆಯನ್ನು ನೀರಿನಿಂದ ಎಷ್ಟು ದೂರ ಹಾಕುತ್ತೀರಿ, ಕಸವನ್ನು ಎಲ್ಲಿಯವರೆಗೆ ಹೊತ್ತು ತರುತ್ತೀರಿ, ಕುದುರೆಯವರ ಕೂಲಿಯನ್ನು ನಾರಾನಾಗ್‌ನಲ್ಲಿ ಇಳಿದ ದಿನವೇ ಕೊಡುತ್ತೀರೋ ಇಲ್ಲವೋ. ಸರಿಯಾದ ಉತ್ತರ ಬರದಿದ್ದರೆ ಬೇರೆಯವರನ್ನು ನೋಡಿ. ನಿಮ್ಮ ಚೀಲವನ್ನು ಆದಷ್ಟು ನೀವೇ ಹೊರಿ. ಢೋಕ್‌ನಲ್ಲಿ ಹೊಸೆದ ಹಗ್ಗ ಕಂಡರೆ ಚೌಕಾಸಿ ಮಾಡದೆ ಕೊಂಡುಕೊಳ್ಳಿ.