ಮಧುವೂ ಮದ್ಯವೂ: ವಿಸ್ಕಿ ಲಿಕ್ಯೂರಿನ ಗುಣಾವಗುಣಗಳು

ಸಂಸ್ಕೃತದಲ್ಲಿ ‘ಮಧು’ ಎಂಬ ಶಬ್ದಕ್ಕೆ ಜೇನುತುಪ್ಪವೆಂದೂ ಮದ್ಯವೆಂದೂ ಎರಡರ್ಥಗಳುಂಟು. ಈ ಎರಡರ್ಥಗಳೂ ಒಂದೇ ಸೀಸೆಯಲ್ಲಿ ಕೂಡಿರುವ ಪದಾರ್ಥವೊಂದು ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ದೇಶಗಳಲ್ಲಿ ಪ್ರಸಿದ್ಧವಾಗಿರುವುದು. ಅದಕ್ಕೆ ವಿಸ್ಕಿ ಲಿಕ್ಯೂರ್ ಎಂದು ಹೆಸರು. ನಮ್ಮವರ ಮಕ್ಕಳು ಮೊಮ್ಮಕ್ಕಳು ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಆ ದೇಶಗಳಲ್ಲಿ ನೆಲೆಸಿರುವರು. ಅವರನ್ನು ನೋಡಲು ಹೋದ ಹಿರಿಯರು ಅಲ್ಲಿಯ ಮನೆಗಳಲ್ಲಿ ಅತಿಥಿಗಳಾಗುವರು. ಊಟದ ಕೊನೆಗೆ ಬರುವ ಕೆನೆಯ ಬಟ್ಟಲಿನಲ್ಲಿಯೂ ಕಾಫಿಯ ಲೋಟದಲ್ಲಿಯೂ ಈ ವಸ್ತುವು ಅಡಗಿರುವುದುಂಟು. ಕುಡಿಯುವವರಾಗಲಿ ಕುಡಿಯದವರಾಗಲಿ ಇದರ ಸ್ವರೂಪವನ್ನು ಅರಿತಿರುವುದು ಗೃಹಸ್ಥರಿಗೆ ಯುಕ್ತವೆಂದೆಣಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಗೇಲಿಕ್ ಭಾಷೆಯಲ್ಲಿ ಈ ಮದ್ಯಕ್ಕೆ ‘ಉಶ್ಕೆ ಬೆಹ’, ಎಂದರೆ ‘ಜೀವಜಲ’ ಎಂಬ ಹೆಸರಿತ್ತು. ಅದರ ಮೊದಲ ಪದವೇ ಸವೆದು ವಿಸ್ಕಿ ಎಂದಾಯಿತು. ಆ ‘ಉಶ್ಕೆ’ಯು ನಮ್ಮ ‘ಉದನ್’ ಎಂಬ ಜಲವಾಚಕಕ್ಕೂ, ‘ಬೆಹ’ವು ನಮ್ಮ ‘ಜೀವ’ ಶಬ್ದಕ್ಕೂ ಮೂಲದಲ್ಲಿ ಬಂಧುಗಳೆಂದು ಭಾಷಾಶಾಸ್ತ್ರಜ್ಞರು ತೋರಿಸಿರುವರು. ಹೆಸರಿನಲ್ಲಿ ಜೀವವಿದ್ದ ಮಾತ್ರಕ್ಕೆ ಗುಣದಲ್ಲಿಯೂ ಅದು ಇರುವುದೆಂದು ತಿಳಿಯಲಾಗದು.

ನಮ್ಮ ಮನೆಗಳಲ್ಲಿ ಬಾಣಂತಿಯರಿಗೆ ಕೊಡುವ ದಶಮೂಲಾರಿಷ್ಟವನ್ನು ಎಲ್ಲರೂ ಬಲ್ಲರು. ಕಷಾಯಕ್ಕೆ ಬೆಲ್ಲವನ್ನೋ ಜೇನನ್ನೋ ಸೇರಿಸಿ ಹುದುಗಲು ಬಿಟ್ಟರೆ ಅದರಲ್ಲಿ ಕೆಲಮಟ್ಟಿನ ಮದ್ಯಸಾರವು ತಾನಾಗಿಯೇ ಹುಟ್ಟುವುದು. ಅದನ್ನು ಭಟ್ಟಿ ಇಳಿಸುವುದಿಲ್ಲ. ವಿಸ್ಕಿಯಾದರೋ ಹುದುಗಿಸಿದ ಧಾನ್ಯದ ರಸವನ್ನು ಭಟ್ಟಿ ಇಳಿಸಿ ತೆಗೆದುದು. ಸ್ಕಾಟ್ಲೆಂಡಿನ ವಿಸ್ಕಿಯು ಓಕ್ ಮರದ ಪೀಪಾಯಿಗಳಲ್ಲಿ 3 ವರ್ಷವಾದರೂ ಮಾಗಬೇಕು. ಅದರಲ್ಲಿ ನೂರಕ್ಕೆ 40 ಭಾಗಕ್ಕಿಂತ ಕಡಿಮೆ ಮದ್ಯಸಾರವಿರಕೂಡದು. ಇಂತಹ ವಿಸ್ಕಿಗೆ ಜೇನು, ಸಕ್ಕರೆ, ಮೂಲಿಕೆ, ಸಂಬಾರ ಮುಂತಾದುವನ್ನು ಬೆರೆಸಿದರೆ ಲಿಕ್ಯೂರಾಗುವುದು. ಯೂರೋಪಿನ ಕಾನೂನಿನ ಪ್ರಕಾರ ಲಿಕ್ಯೂರೆನಿಸಿಕೊಳ್ಳಲು ಸಾಮಾನ್ಯವಾಗಿ ಲೀಟರಿಗೆ 100 ಗ್ರಾಂ ಸಕ್ಕರೆಯೂ ನೂರಕ್ಕೆ 15 ಭಾಗ ಮದ್ಯಸಾರವೂ ಕನಿಷ್ಠಪಕ್ಷ ಇರತಕ್ಕದ್ದು.

ಈ ವರ್ಗದಲ್ಲಿ ಅಗ್ರಗಣ್ಯವಾದುದು ಡ್ರಾಂಬೂಯಿ. ಇದು ವಿಸ್ಕಿ, ಹೆದರ್ ಎಂಬ ಗುಡ್ಡದ ಪೊದೆಯ ಹೂವಿನ ಜೇನು, ಮೂಲಿಕೆಗಳು, ಇವುಗಳಿಂದಾದುದು. 1746ರಲ್ಲಿ ಕಲ್ಲೋಡನ್ ಕದನದಲ್ಲಿ ಸೋತು ಅಲೆಯುತ್ತಿದ್ದ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟನು, ತನಗೆ ಆಶ್ರಯವಿತ್ತ ಸ್ಕೈ ದ್ವೀಪದ ಮಕಿನನ್ ವಂಶದವರಿಗೆ ಕೃತಜ್ಞತೆಯಿಂದ ಇದರ ಪಾಕವಿಧಿಯನ್ನು ಕೊಟ್ಟನೆಂದು ಐತಿಹ್ಯವಿದೆ. ಡ್ರಾಂಬೂಯಿ ಎಂಬ ಹೆಸರು ನೋಂದಣಿಯಾದುದು 1893ರಲ್ಲಿ. ಎರಡನೆಯ ಬಗೆಯು ಐರ್ಲೆಂಡಿನ ಬೇಲೀಸ್ ಮುಂತಾದ ಕೆನೆಯ ಲಿಕ್ಯೂರು. ಬೇಲೀಸ್ ಮಾರಾಟಕ್ಕೆ ಬಂದದ್ದು 1974ರಲ್ಲಿ. ಡ್ರಾಂಬೂಯಿಯಲ್ಲಿ ಮದ್ಯಸಾರವು ನೂರಕ್ಕೆ 40 ಭಾಗ, ಬೇಲೀಸಿನಲ್ಲಿ 17 ಭಾಗ. ಹೀಗಿರಲು ಎರಡೂ ಸಿಹಿಯೆಂದು ಎರಡನ್ನೂ ಒಂದೇ ಅಳತೆಯಲ್ಲಿ ಸುರಿಯುವುದು ಅವಿವೇಕವೆಂಬುದು ಸ್ಪಷ್ಟವಷ್ಟೆ.

ಇನ್ನು ಬಳಕೆಯ ಕ್ರಮ. ಹಲವು ಪಾನೀಯಗಳನ್ನು ಕೂಡಿಸಿದ ಮಿಶ್ರಣಕ್ಕೆ ಕಾಕ್‌ಟೇಲ್ ಎನ್ನುವರು. ಡ್ರಾಂಬೂಯಿಯ ಕಾಕ್‌ಟೇಲುಗಳಲ್ಲಿ ಹೆಸರಾದುದು ‘ರಸ್ಟಿ ನೇಲ್’, ಎಂದರೆ ತುಕ್ಕು ಹಿಡಿದ ಮೊಳೆ. 45 ಮಿಲಿಲೀಟರ್ ವಿಸ್ಕಿಗೆ 25 ಮಿಲಿಲೀಟರ್ ಡ್ರಾಂಬೂಯಿಯನ್ನು ಮಂಜುಗಡ್ಡೆಯ ಮೇಲೆ ಸುರಿದು ಕಲಕಿದರೆ ಅದು ಸಿದ್ಧ. ಲೆಕ್ಕ ಹಾಕಿ ನೋಡಿರಿ: 70 ಮಿಲಿಲೀಟರಿನಲ್ಲಿ 28 ಮಿಲಿಲೀಟರ್ ಅಪ್ಪಟ ಮದ್ಯಸಾರ! ಜೇನಿನ ಮಾಧುರ್ಯವು ಆ ಉರಿಯನ್ನು ನಾಲಗೆಗೆ ಮರೆಮಾಡುವುದೇ ಹೊರತು ದೇಹಕ್ಕೆ ಮರೆಮಾಡುವುದಿಲ್ಲ. ಕೆನೆಯ ಲಿಕ್ಯೂರಿಗೆ ನಿಂಬೆರಸವನ್ನು ಎಂದಿಗೂ ಹಿಂಡಕೂಡದು. ಹಾಲು ಒಡೆಯುವಂತೆ ಅದೂ ಒಡೆದು ಗಂಟುಗಂಟಾಗುವುದು. ಡ್ರಾಂಬೂಯಿಗೆ ಈ ಬಾಧೆಯಿಲ್ಲ.

ಬಿಸಿಪಾನೀಯಗಳಲ್ಲಿ ‘ಟಾಡಿ’ಯೆಂಬುದೊಂದು. ಈ ಹೆಸರು ನಮ್ಮ ದೇಶದಿಂದಲೇ ಹೋದುದು. ತಾಳೆಯ ಮರದಿಂದ ಇಳಿಸುವ ಹೆಂಡಕ್ಕೆ ಹಿಂದಿಯಲ್ಲಿ ‘ತಾಡಿ’ ಎಂಬ ಹೆಸರಿದ್ದು, ಆಂಗ್ಲರ ಬಾಯಿಯಲ್ಲಿ ಅದು ಟಾಡಿಯಾಯಿತು. ಬಿಸಿನೀರು, ನಿಂಬೆ, ಜೇನು, ವಿಸ್ಕಿ, ಇವುಗಳ ಮಿಶ್ರಣವೇ ಅವರ ಟಾಡಿ. ಡ್ರಾಂಬೂಯಿ ಹಾಕಿದರೆ ಬೇರೆ ಜೇನು ಬೇಕಾಗದು. ನೆಗಡಿಗೆ ಇದು ಮದ್ದೆಂದು ಅಲ್ಲಿಯ ಮುದುಕಿಯರು ಹೇಳುವುದುಂಟು. ಗಂಟಲಿಗೆ ಹಿತವನ್ನುಂಟುಮಾಡುವುದು ಬಿಸಿನೀರೂ ಜೇನೂ. ಮದ್ಯವು ನೆಗಡಿಯನ್ನು ಗುಣಪಡಿಸುವುದಿಲ್ಲ. ಆದುದರಿಂದ ಅದನ್ನು ಬಿಟ್ಟು ಮಾಡಿದ ಟಾಡಿಯಿಂದ ರೋಗಿಗೆ ಏನೂ ನಷ್ಟವಿಲ್ಲ.

ಬಿಸಿ ಕಾಫಿಗೆ ವಿಸ್ಕಿಯನ್ನೂ ಸಕ್ಕರೆಯನ್ನೂ ಬೆರೆಸಿ ಮೇಲೆ ಕೆನೆಯನ್ನು ತೇಲಿಸಿದರೆ ಐರಿಷ್ ಕಾಫಿಯಾಗುವುದು. ಇಲ್ಲಿ ಸಕ್ಕರೆಯು ಕೇವಲ ರುಚಿಗಾಗಿ ಅಲ್ಲ. ಅದು ಕರಗಿದರೆ ಕಾಫಿಯು ಸಾಂದ್ರವಾಗಿ ಕೆನೆಯು ಮುಳುಗದೆ ನಿಲ್ಲುವುದು. ವಿಸ್ಕಿಗೆ ಬದಲು ಲಿಕ್ಯೂರನ್ನು ಹಾಕುವವರು, ಅದರಲ್ಲಿಯೇ ಸಕ್ಕರೆಯಿರುವುದರಿಂದ, ಬೇರೆ ಸಕ್ಕರೆಯನ್ನು ತಗ್ಗಿಸಬಹುದು. ಕೆನೆಯನ್ನು ಸ್ವಲ್ಪವೇ ಕಡೆದು, ಚಮಚದ ಬೆನ್ನಿನ ಮೇಲಿಂದ ಮೆಲ್ಲಗೆ ಜಾರಿಸಬೇಕು.

ಸಿಹಿತಿನಿಸುಗಳಲ್ಲಿ ಸ್ಕಾಟ್ಲೆಂಡಿನ ‘ಕ್ರಾನಕನ್’ ಮುಖ್ಯವಾದುದು. ಹುರಿದ ಓಟ್ಸ್, ಕಡೆದ ಕೆನೆ, ಜೇನು, ರಾಸ್‌ಬೆರಿ ಹಣ್ಣು, ವಿಸ್ಕಿ, ಇವುಗಳನ್ನು ಪದರಪದರವಾಗಿ ಬಟ್ಟಲಿಗೆ ತುಂಬುವರು. ಜೇನು ಮತ್ತು ವಿಸ್ಕಿಗಳ ಸ್ಥಾನದಲ್ಲಿ ಡ್ರಾಂಬೂಯಿಯೊಂದೇ ಸಾಕಾಗುವುದು. ಐಸ್‌ಕ್ರೀಮಿಗೂ ಚಾಕೊಲೇಟಿನ ತಿನಿಸಿಗೂ ಇದನ್ನು ಸೇರಿಸುವುದುಂಟು. ಆದರೆ ಮದ್ಯಸಾರವು ನೀರಿನಷ್ಟು ಬೇಗ ಹೆಪ್ಪುಗಟ್ಟುವುದಿಲ್ಲವಾದುದರಿಂದ, ಕೈ ಮೀರಿ ಸುರಿದರೆ ಐಸ್‌ಕ್ರೀಮು ಗಟ್ಟಿಯಾಗದೆ ಅಂಬಲಿಯಂತೆ ಉಳಿಯುವುದು. ಚಮಚವೇ ಇದರ ಅಳತೆ, ಲೋಟವಲ್ಲ.

ಎಡಿನ್‌ಬರೋ ನಗರದಲ್ಲಿ ವಾಸವಾಗಿರುವ ನನ್ನ ಹಳೆಯ ಶಿಷ್ಯನೊಬ್ಬನು ಒಂದು ಪತ್ರ ಬರೆದಿದ್ದನು. ಅವನ ತಾಯಿಯವರು ಜನ್ಮದಲ್ಲಿ ಮದ್ಯವನ್ನು ಮುಟ್ಟಿದವರಲ್ಲ. ಮೇಲಾಗಿ ಸಕ್ಕರೆ ರೋಗಕ್ಕೆ ಔಷಧಿ ತೆಗೆದುಕೊಳ್ಳತಕ್ಕವರು. ಕ್ರಿಸ್‌ಮಸ್ ಔತಣದಲ್ಲಿ ಗೃಹಿಣಿಯು ತಿನಿಸಿನ ಮೇಲೆ ಬಿಸಿಮಾಡಿದ ಲಿಕ್ಯೂರನ್ನು ಸುರಿದು ಬೆಂಕಿ ಹಚ್ಚಿ, ನೀಲಿ ಜ್ವಾಲೆ ಆರಿದ ಮೇಲೆ, ‘ಮದ್ಯವೆಲ್ಲ ಉರಿದುಹೋಯಿತು, ನೀವು ನಿಶ್ಚಿಂತರಾಗಿ ತಿನ್ನಬಹುದು’ ಎಂದಳಂತೆ. ಇದು ನಿಜವೇ ಗುರುಗಳೇ ಎಂದು ಅವನ ಪ್ರಶ್ನೆ.

ಇದು ನಿಜವಲ್ಲವೆಂದು ನಾನು ಉತ್ತರವಿತ್ತೆನು. ಮದ್ಯಸಾರವು 78 ಡಿಗ್ರಿ ಶಾಖದಲ್ಲಿ ಕುದಿಯುವುದು ಸತ್ಯ. ಆದರೆ ನೀರಿನೊಡನೆ ಬೆರೆತಾಗ ಅದು ಒಮ್ಮೆಲೆ ಬಿಟ್ಟುಹೋಗದು. ಅಮೆರಿಕದಲ್ಲಿ 1992ರಲ್ಲಿ ಪ್ರಕಟವಾದ ಪರೀಕ್ಷೆಗಳ ಪ್ರಕಾರ, ಬೆಂಕಿ ಹಚ್ಚಿದ ತಿನಿಸಿನಲ್ಲಿ ಸುಮಾರು ಮುಕ್ಕಾಲು ಪಾಲು ಮದ್ಯಸಾರವು ಉಳಿದಿರುವುದು. ಸೇರಿಸಿದ ಬಳಿಕ 15 ನಿಮಿಷ ಕುದಿಸಿದರೆ ನೂರಕ್ಕೆ 40 ಭಾಗವೂ, 1 ಗಂಟೆ ಕುದಿಸಿದರೆ 25 ಭಾಗವೂ, 2½ ಗಂಟೆಯ ಅನಂತರವೂ 5 ಭಾಗವೂ ಉಳಿಯುವುದು. ಮದ್ಯಸಾರವು ಕೊಂಚ ಕುಗ್ಗಿದೊಡನೆ ಜ್ವಾಲೆಯು ಆರುವುದೇ ಹೊರತು, ಎಲ್ಲವೂ ಮುಗಿದ ಮೇಲಲ್ಲ. ಎರಡು ದೊಡ್ಡ ಚಮಚ ಡ್ರಾಂಬೂಯಿ ಸುರಿದ ತಿನಿಸನ್ನು ಆರು ಮಂದಿ ಹಂಚಿಕೊಂಡರೆ ಒಬ್ಬೊಬ್ಬರಿಗೆ ಒಂದೂವರೆ ಮಿಲಿಲೀಟರಿನಷ್ಟು ಮದ್ಯಸಾರ ಬರುವುದು. ಪ್ರಮಾಣದಿಂದ ಇದು ಅಲ್ಪವೇ ಸರಿ; ಆದರೆ ವ್ರತವನ್ನು ಹಿಡಿದವರಿಗೆ ಅಲ್ಪವೆಂಬುದಿಲ್ಲ. ಕೆಲವು ಸಕ್ಕರೆ ರೋಗದ ಔಷಧಿಗಳನ್ನೂ ನಿದ್ರೆಯ ಗುಳಿಗೆಗಳನ್ನೂ ಸೇವಿಸುವವರಿಗೂ, ಗರ್ಭಿಣಿಯರಿಗೂ, ಮಕ್ಕಳಿಗೂ ಇದರಿಂದ ದೂರವಿರುವುದೇ ಕ್ಷೇಮ.

ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 24ನೆಯ ಅಧ್ಯಾಯವು ಮದಾತ್ಯಯವನ್ನು, ಎಂದರೆ ಮದ್ಯದ ಅತಿಸೇವನೆಯಿಂದಾಗುವ ರೋಗವನ್ನು ಕುರಿತದ್ದು. ಒಂದು ಇಡೀ ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟ ಪ್ರಾಚೀನರು ಈ ವಿಷಯವನ್ನು ಕ್ಷುಲ್ಲಕವೆಂದೆಣಿಸಲಿಲ್ಲ.

ಆದಕಾರಣ ನನ್ನ ವಿಜ್ಞಾಪನೆ ಇಷ್ಟೆ. ಬಡಿಸುವವರು ಬಟ್ಟಲನ್ನು ಮುಂದಿಡುವ ಮೊದಲು ಅದರಲ್ಲಿರುವುದನ್ನು ಬಾಯಿಬಿಟ್ಟು ಹೇಳಲಿ. ಸೇರಿಸದ ಒಂದೆರಡು ಬಟ್ಟಲುಗಳನ್ನು ಬೇರೆಯಾಗಿ ತೆಗೆದಿಡಲಿ. ಕ್ರಾನಕನ್ನಿಗೆ ಬರಿಯ ಜೇನನ್ನೇ ಹಾಕಿದರೂ ಅದರ ಸೊಗಸು ಕೆಡುವುದಿಲ್ಲ. ಉಣ್ಣುವವರು ‘ಇದರಲ್ಲಿ ಏನಿದೆ, ತಾಯಿ?’ ಎಂದು ವಿನಯದಿಂದ ಕೇಳಲಿ. ಹಾಗೆ ಕೇಳುವುದು ಅಗೌರವವಲ್ಲ. ಕೇಳಿದವರಿಗೆ ನಿಜವನ್ನು ಹೇಳುವುದೇ ಆತಿಥ್ಯದ ಮೊದಲನೆಯ ಉಪಚಾರ.