ಕ್ಯಾನ್ಸರ್ ಔಷಧಿಯ ವೆಚ್ಚ: ಹಣ ಕಟ್ಟುವ ಮೊದಲೇ ಅರಿಯಬೇಕಾದ ನೆರವಿನ ದಾರಿಗಳು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಡಬ್ಬಿ ಕಾಯಿಗೆ ಒಂದು ಧಾರಣೆಯಾದರೆ ಕಡ್ಡಿ ಕಾಯಿಗೆ ಇನ್ನೊಂದು. ಒಂದೇ ತಳಿಯ ಎರಡು ಲಾಟುಗಳಿಗೂ ಒಂದೇ ದಿನ ಒಂದೇ ದರ ಸಿಗುವುದಿಲ್ಲ. ಬಣ್ಣ ನೋಡಿ, ತೇವಾಂಶ ನೋಡಿ, ನಾಲ್ಕು ಕಡೆ ವಿಚಾರಿಸಿದ ಮೇಲೆಯೇ ಖರೀದಿದಾರನು ಟೆಂಡರು ಬರೆಯುತ್ತಾನೆ. ರಾಣೆಬೆನ್ನೂರಿನ ಬೀಜದ ವ್ಯಾಪಾರಿಯಾಗಲಿ, ಹಾವೇರಿಯ ಕಿರು ಉದ್ದಿಮೆದಾರನಾಗಲಿ ದರ ಕೇಳದೆ ಮಾಲು ಎತ್ತಿದ ಉದಾಹರಣೆ ವಿರಳ. ಆದರೆ ಇದೇ ವ್ಯಾಪಾರಸ್ಥನ ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ತಿಳಿದ ದಿನ ಈ ಎಲ್ಲ ವಿವೇಕವೂ ಮರೆತುಹೋಗುತ್ತದೆ. ಚೀಟಿಯಲ್ಲಿ ಬರೆದ ಔಷಧಿಗೆ ಹೇಳಿದಷ್ಟು ಹಣ ತೆತ್ತು ಬರುವುದೇ ಕರ್ತವ್ಯವೆಂದು ಕುಟುಂಬವು ಭಾವಿಸುತ್ತದೆ.

ಮೊದಲು ಮನೆಯ ಬಂಗಾರ, ಬಳಿಕ ಅಂಗಡಿಯ ದುಡಿಯುವ ಬಂಡವಾಳ, ಕೊನೆಗೆ ಗೋದಾಮು ಅಥವಾ ಹೊಲ ಕರಗುತ್ತವೆ. ಕಾಯಿಲೆಯ ಸುದ್ದಿ ಪೇಟೆಗೆ ಗೊತ್ತಾದರೆ ಪತ ಹೋದೀತು, ಉದ್ರಿ ಕೊಟ್ಟವರು ಒಮ್ಮೆಲೇ ವಸೂಲಿಗೆ ಬಂದಾರು ಎಂಬ ಅಂಜಿಕೆಯಿಂದ ಯಾರೊಡನೆಯೂ ಬಾಯಿಬಿಡುವುದಿಲ್ಲ. ನೆರವು ಕೇಳುವ ಯೋಚನೆ ಬರುವ ಹೊತ್ತಿಗೆ ಹಲವು ಯೋಜನೆಗಳ ಬಾಗಿಲು ಮುಚ್ಚಿರುತ್ತದೆ. ಏಕೆಂದರೆ ಇವುಗಳಲ್ಲಿ ಹೆಚ್ಚಿನವು ಚಿಕಿತ್ಸೆಗೆ ಮುನ್ನ ಅನುಮತಿ ಪಡೆದವರಿಗೆ ಮಾತ್ರ ಅನ್ವಯಿಸುತ್ತವೆ. ಈಗಾಗಲೇ ಖರ್ಚು ಮಾಡಿದ ಹಣವನ್ನು ಮರಳಿಸುವುದಿಲ್ಲ. ಆದ್ದರಿಂದ ಮೊದಲು ವಿಚಾರಣೆ, ನಂತರ ಪಾವತಿ ಎಂಬ ಪೇಟೆಯ ನಿಯಮವನ್ನೇ ಔಷಧಿಗೂ ಅನ್ವಯಿಸುವುದು ಅಗತ್ಯವಾಗಿದೆ.

ಒಂದೇ ಔಷಧಿ, ಹಲವು ಬೆಲೆ

ಕ್ಯಾನ್ಸರ್ ಔಷಧಿಗೆ ಒಂದೇ ನಿಗದಿತ ಬೆಲೆಯಿದೆ ಎಂಬುದು ತಪ್ಪು ತಿಳಿವಳಿಕೆ. ಯಕೃತ್ತು ಹಾಗೂ ಮೂತ್ರಪಿಂಡದ ಕ್ಯಾನ್ಸರಿಗೆ ಬಳಸುವ ಸೊರಾಫೆನಿಬ್ ಮಾತ್ರೆಯನ್ನು ಬೇಯರ್ ಕಂಪನಿಯು ತಿಂಗಳಿಗೆ 2,80,428 ರೂ.ಗೆ ಮಾರುತ್ತಿತ್ತು. 2012ರ ಮಾರ್ಚ್ 9ರಂದು ಪೇಟೆಂಟ್ ನಿಯಂತ್ರಕರು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಕಡ್ಡಾಯ ಪರವಾನಗಿ ನೀಡಿದರು. ಅದೇ ಪ್ರಮಾಣದ ಔಷಧಿಯು 8,880 ರೂ. ಮೀರದ ಬೆಲೆಗೆ ದೊರೆಯುವಂತಾಯಿತು. ಭಾರತದಲ್ಲಿ ಔಷಧಿಯೊಂದಕ್ಕೆ ಇಂತಹ ಪರವಾನಗಿ ದೊರೆತದ್ದು ಅದೇ ಮೊದಲು.

ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಕೊಡುವ ಇಮಾಟಿನಿಬ್ ಔಷಧಿಯ ಕಥೆಯೂ ಇಂತಹುದೇ. ನೊವಾರ್ಟಿಸ್ ಕಂಪನಿಯ ಗ್ಲಿವೆಕ್ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂ. ಇದ್ದಾಗ ದೇಶೀಯ ಕಂಪನಿಗಳ ಜೆನೆರಿಕ್ ಮಾತ್ರೆ ಸುಮಾರು 8ರಿಂದ 10 ಸಾವಿರ ರೂ.ಗೆ ಸಿಗುತ್ತಿತ್ತು. ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನ ಆಧಾರದ ಮೇಲೆ ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 1ರಂದು ನೊವಾರ್ಟಿಸ್ ಮನವಿಯನ್ನು ತಳ್ಳಿಹಾಕಿದ್ದರಿಂದ ಆ ಅಗ್ಗದ ಮಾತ್ರೆಗಳು ಪೇಟೆಯಲ್ಲಿ ಉಳಿದವು. ಆ ವ್ಯಾಜ್ಯದಲ್ಲಿ ರೋಗಿಗಳ ಪರವಾಗಿ ನಿಂತ ಮುಂಬಯಿಯ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಶನ್ ಸ್ಥಾಪನೆಗೊಂಡದ್ದು 1969ರಲ್ಲಿ. ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ, ಬೆಂಗಳೂರಿನ ಬಯೋಕಾನ್ ಕಂಪನಿಯು ಸ್ತನ ಕ್ಯಾನ್ಸರಿಗೆ ಬಳಸುವ ಟ್ರಾಸ್ಟುಝುಮ್ಯಾಬ್ ಚುಚ್ಚುಮದ್ದನ್ನು 2014ರಲ್ಲಿ ಮೂಲ ಕಂಪನಿಗಿಂತ ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದಿತು.

ವ್ಯಾಪಾರಿಯ ಲಾಭಾಂಶಕ್ಕೂ ಸರಕಾರ ಮಿತಿ ಹಾಕಿದೆ. ರಾಷ್ಟ್ರೀಯ ಔಷಧಿ ಬೆಲೆ ಪ್ರಾಧಿಕಾರವು 2019ರ ಫೆಬ್ರವರಿಯಲ್ಲಿ 42 ಕ್ಯಾನ್ಸರ್ ಔಷಧಿಗಳ ಮಾರಾಟ ಲಾಭಾಂಶವನ್ನು ಶೇ. 30ಕ್ಕೆ ಸೀಮಿತಗೊಳಿಸಿತು. ಇದರಿಂದ 390 ಬ್ರಾಂಡುಗಳ ಬೆಲೆ ಶೇ. 87ರವರೆಗೆ ಇಳಿಯಿತು. ಅಷ್ಟು ಇಳಿಸಲು ಅವಕಾಶವಿತ್ತೆಂದರೆ ಅದಕ್ಕೆ ಮುನ್ನ ಮುದ್ರಿತ ಬೆಲೆಯಲ್ಲಿ ಎಷ್ಟು ಅಂತರ ಅಡಗಿತ್ತು ಎಂಬುದನ್ನು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತೆರಿಗೆಯ ಬದಲಾವಣೆಗಳನ್ನೂ ಗಮನಿಸಬೇಕು. 2024ರ ಜುಲೈ ಮುಂಗಡಪತ್ರದಲ್ಲಿ ಟ್ರಾಸ್ಟುಝುಮ್ಯಾಬ್ ಡೆರಕ್ಸ್‌ಟೆಕಾನ್, ಒಸಿಮರ್ಟಿನಿಬ್ ಮತ್ತು ಡುರ್ವಾಲುಮ್ಯಾಬ್ ಎಂಬ ಮೂರು ಕ್ಯಾನ್ಸರ್ ಔಷಧಿಗಳ ಸೀಮಾ ಸುಂಕವನ್ನು ರದ್ದುಪಡಿಸಲಾಯಿತು. 2025ರ ಸೆಪ್ಟೆಂಬರ್ 22ರಿಂದ 33 ಜೀವರಕ್ಷಕ ಔಷಧಿಗಳ ಮೇಲಿದ್ದ ಶೇ. 12 ಜಿಎಸ್‌ಟಿ ಶೂನ್ಯಕ್ಕೂ, ಶೇ. 12ರ ಪಟ್ಟಿಯಲ್ಲಿದ್ದ ಇತರ ಔಷಧಿಗಳದ್ದು ಶೇ. 5ಕ್ಕೂ ಇಳಿದಿದೆ. ಬಿಲ್ಲಿನಲ್ಲಿ ಯಾವ ದರ ಹಾಕಿದ್ದಾರೆಂದು ನೋಡುವುದು ವ್ಯಾಪಾರಸ್ಥರಿಗೆ ಕಷ್ಟದ ಕೆಲಸವಲ್ಲ.

ನಡುವಿನ ವರ್ಗದ ಇಕ್ಕಟ್ಟು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ರಾಜ್ಯದಲ್ಲಿ ಜಾರಿಯಲ್ಲಿದೆ. ಬಿಪಿಎಲ್ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಎಪಿಎಲ್ ಕುಟುಂಬಕ್ಕೆ ದೊರೆಯುವುದು ಸರಕಾರದ ಪ್ಯಾಕೇಜ್ ದರದ ಶೇ. 30 ಮಾತ್ರ, ವರ್ಷದ ಮಿತಿ 1.5 ಲಕ್ಷ ರೂ. ಸಣ್ಣ ಅಂಗಡಿಕಾರರು, ಅಡತ್ ವ್ಯಾಪಾರಸ್ಥರು, ಕಿರು ಉದ್ದಿಮೆದಾರರು ಬಹುತೇಕ ಈ ಎರಡನೆಯ ಗುಂಪಿಗೆ ಸೇರಿದವರು. ತೆರಿಗೆ ಕಟ್ಟುವವರೆಂದು ಪೂರ್ಣ ನೆರವಿಲ್ಲ. ತಿಂಗಳಿಗೆ ಲಕ್ಷ ರೂಪಾಯಿ ಔಷಧಿಗೆ ಸುರಿಯುವಷ್ಟು ಆದಾಯವೂ ಇಲ್ಲ.

ಹಾಗೆಂದು ಶೇ. 30ರ ನೆರವನ್ನು ಅಲ್ಪವೆಂದು ಕಡೆಗಣಿಸುವುದು ಸರಿಯಲ್ಲ. ಅದು ಮಾರುಕಟ್ಟೆ ದರದ ಮೇಲಲ್ಲ, ಸರಕಾರ ನಿಗದಿಪಡಿಸಿದ ದರದ ಮೇಲಿನ ಲೆಕ್ಕ ಎಂಬುದನ್ನು ನೆನಪಿಡಬೇಕು. ಖಾಸಗಿ ಆಸ್ಪತ್ರೆಯಲ್ಲಿ ಇದರ ಪ್ರಯೋಜನ ಪಡೆಯಲು ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಈ ಪತ್ರವಿಲ್ಲದೆ ನೇರವಾಗಿ ದಾಖಲಾಗಿ ಬಿಲ್ಲು ಕಟ್ಟಿದವರು ನಂತರ ಪರದಾಡಬೇಕಾಗುತ್ತದೆ. ಆದ್ದರಿಂದ ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಮೊದಲು ಕಾಣುವುದು ಲೇಸು.

ಎಲ್ಲಿ ಚಿಕಿತ್ಸೆ ಎಂಬುದರ ಮೇಲೆ ಬೆಲೆ

ಯಾವ ಆಸ್ಪತ್ರೆ ಎಂಬ ತೀರ್ಮಾನದಲ್ಲಿಯೇ ಔಷಧಿಯ ಅರ್ಧ ಲೆಕ್ಕ ಅಡಗಿದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದಲ್ಲಿವೆ. ಒಂದು ದಿಕ್ಕಿನಲ್ಲಿ ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ. ಇನ್ನೊಂದು ದಿಕ್ಕಿನಲ್ಲಿ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ. 2025ರಲ್ಲಿ ರಾಜ್ಯ ಸರಕಾರವು 16 ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಆರೈಕೆಯ ಕೀಮೋಥೆರಪಿ ಕೇಂದ್ರಗಳನ್ನು ಆರಂಭಿಸಿದ್ದರಿಂದ, ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ನಿಗದಿಯಾದ ಬಳಿಕ ಮುಂದಿನ ಕೀಮೋ ಸುತ್ತುಗಳನ್ನು ಊರಿನ ಸಮೀಪದಲ್ಲಿಯೇ ಪಡೆಯಬಹುದೇ ಎಂದು ವೈದ್ಯರನ್ನು ಕೇಳಲು ಅವಕಾಶವಾಗಿದೆ.

ಸರಕಾರಿ ಹಾಗೂ ಧರ್ಮಾರ್ಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಔಷಧಿ ಅಗ್ಗವಾಗಲು ವ್ಯಾಪಾರಸ್ಥರಿಗೆ ಪರಿಚಿತವಾದ ಕಾರಣವೇ ಇದೆ. ಅದು ಸಗಟು ಖರೀದಿ. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ಮುಂದಾಳುತನದಲ್ಲಿ ನಡೆಯುವ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಎಂಬ ಆಸ್ಪತ್ರೆಗಳ ಒಕ್ಕೂಟವು 40 ಔಷಧಿಗಳಿಗೆ ಒಟ್ಟಾಗಿ ಚೌಕಾಸಿ ಮಾಡಿ, ಸುಮಾರು 1,320 ಕೋಟಿ ರೂ. ಅಂದರೆ ಶೇ. 82ರಷ್ಟು ಉಳಿತಾಯ ಸಾಧಿಸಿತು. ಚಿಕಿತ್ಸೆ ನಡೆಯುವ ಆಸ್ಪತ್ರೆಯು ಈ ಒಕ್ಕೂಟದ ಸದಸ್ಯನೇ, ಆ ದರ ರೋಗಿಗೂ ಸಿಗುವುದೇ ಎಂದು ವಿಚಾರಿಸುವುದರಲ್ಲಿ ಸಂಕೋಚ ಬೇಡ.

ಪ್ರಯಾಣದ ಖರ್ಚೂ ಕಡಿಮೆಯಲ್ಲ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಹಾಗೂ ಮೂರನೆಯ ದರ್ಜೆ ಎಸಿ ಬೋಗಿಯಲ್ಲಿ ಟಿಕೆಟ್ ದರದ ಪೂರ್ಣ ರಿಯಾಯಿತಿ ಇದೆ. ಜೊತೆಗಿರುವ ಒಬ್ಬರಿಗೆ ಶೇ. 75. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಪಡೆದಿರಬೇಕು.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ಔಷಧಿಯ ಚೀಟಿ ಕೈಗೆ ಬಂದ ದಿನವೇ ಕೆಲವು ವಿಷಯ ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಬ್ರಾಂಡಿನ ಹೆಸರಲ್ಲದೆ ಔಷಧಿಯ ಮೂಲ ಹೆಸರು ಯಾವುದು? ಅದರ ಜೆನೆರಿಕ್ ಅಥವಾ ಬಯೋಸಿಮಿಲರ್ ಲಭ್ಯವಿದೆಯೇ, ಈ ರೋಗಿಗೆ ಅದು ಹೊಂದುತ್ತದೆಯೇ? ಎಷ್ಟು ತಿಂಗಳು ಕೊಡಬೇಕು, ಒಟ್ಟು ವೆಚ್ಚವೆಷ್ಟು? ಇದಕ್ಕಿಂತ ಕಡಿಮೆ ವೆಚ್ಚದ ಬೇರೆ ಚಿಕಿತ್ಸೆಯಿದ್ದರೆ ಎರಡರ ಫಲದಲ್ಲಿ ಎಷ್ಟು ವ್ಯತ್ಯಾಸ? ಯಾವ ಬದಲಾವಣೆಯನ್ನೂ ವೈದ್ಯರ ಒಪ್ಪಿಗೆಯಿಲ್ಲದೆ ಮಾಡಬಾರದು. ಆದರೆ ವೆಚ್ಚದ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳದಿದ್ದರೆ, ಕುಟುಂಬಕ್ಕೆ ಶಕ್ತಿಯಿದೆಯೆಂದೇ ವೈದ್ಯರು ತಿಳಿಯುವ ಸಂಭವವಿದೆ. ಹಣ ಮುಗಿದು ಚಿಕಿತ್ಸೆಯನ್ನು ನಡುವೆಯೇ ಕೈಬಿಡುವುದಕ್ಕಿಂತ ಆರಂಭದಲ್ಲಿಯೇ ಕೇಳುವುದು ಮೇಲು.

ಮೂಲ ಹೆಸರು ಗೊತ್ತಾದ ಮೇಲೆ ಪಟ್ಟಣದ ಜನೌಷಧಿ ಕೇಂದ್ರದಲ್ಲಿ ವಿಚಾರಿಸಬಹುದು; ಅದರ ಪಟ್ಟಿಯಲ್ಲಿ ಕ್ಯಾನ್ಸರ್ ಔಷಧಿಗಳೂ ಇವೆ. 2015ರಲ್ಲಿ ಆರಂಭವಾದ ಅಮೃತ್ ಔಷಧಿ ಮಳಿಗೆಗಳಲ್ಲಿಯೂ ಕ್ಯಾನ್ಸರ್ ಔಷಧಿಗೆ ಗಣನೀಯ ರಿಯಾಯಿತಿ ಇರುತ್ತದೆ. ಬೆಲೆ ಪ್ರಾಧಿಕಾರದ ‘ಫಾರ್ಮಾ ಸಹಿ ದಾಮ್’ ಎಂಬ ಮೊಬೈಲ್ ಸೌಲಭ್ಯದಲ್ಲಿ ಒಂದೇ ಔಷಧಿಯ ಬೇರೆಬೇರೆ ಬ್ರಾಂಡುಗಳ ದರವನ್ನು ತಾಳೆ ನೋಡಬಹುದು.

ಕಂಪನಿಗಳು ಮತ್ತು ದತ್ತಿ ಸಂಸ್ಥೆಗಳು

ಪೇಟೆಂಟ್ ಇರುವ ಹೊಸ ಔಷಧಿಗೆ ಜೆನೆರಿಕ್ ಇರುವುದಿಲ್ಲ. ಅಂತಹ ಸಂದರ್ಭದಲ್ಲಿ ತಯಾರಿಕಾ ಕಂಪನಿಯ ರೋಗಿ ನೆರವು ಯೋಜನೆಯನ್ನು ಕೇಳಬೇಕು. ಕೆಲವು ಸುತ್ತುಗಳ ಔಷಧಿಯನ್ನು ರೋಗಿಯು ಕೊಂಡರೆ ಮುಂದಿನ ಸುತ್ತುಗಳನ್ನು ಕಂಪನಿಯು ಉಚಿತವಾಗಿ ಕೊಡುವುದು ಸಾಮಾನ್ಯ ಪದ್ಧತಿ. ಆದಾಯ ನೋಡಿ ಪೂರ್ಣ ಉಚಿತವಾಗಿ ಕೊಡುವುದೂ ಉಂಟು. ಅರ್ಜಿಯು ಚಿಕಿತ್ಸೆ ನೀಡುವ ವೈದ್ಯರ ಮೂಲಕವೇ ಹೋಗಬೇಕು. ಮೊದಲ ಡಬ್ಬಿ ಕೊಳ್ಳುವ ಮುನ್ನವೇ ನೋಂದಾಯಿಸಿಕೊಂಡು ಬಿಲ್ಲು, ಖಾಲಿ ಪಟ್ಟಿ ಮತ್ತು ಸೀಸೆಗಳನ್ನು ಕಾದಿರಿಸುವುದು ಕ್ಷೇಮ. 2025–26ರ ಕೇಂದ್ರ ಮುಂಗಡಪತ್ರವು ಇಂತಹ 13 ಹೊಸ ಯೋಜನೆಗಳನ್ನೂ 37 ಔಷಧಿಗಳನ್ನೂ ಸೀಮಾ ಸುಂಕದ ವಿನಾಯಿತಿಗೆ ಸೇರಿಸಿದೆ. ರೋಗಿಗೆ ಉಚಿತವಾಗಿ ಕೊಟ್ಟಾಗ ಮಾತ್ರ ಈ ವಿನಾಯಿತಿ ಅನ್ವಯ.

1951ರಲ್ಲಿ ಸ್ಥಾಪಿತವಾದ ಇಂಡಿಯನ್ ಕ್ಯಾನ್ಸರ್ ಸೊಸೈಟಿಯು ತನ್ನ ಕ್ಯಾನ್ಸರ್ ಕ್ಯೂರ್ ಫಂಡ್ ಮೂಲಕ, ಗುಣವಾಗುವ ಸಾಧ್ಯತೆ ಹೆಚ್ಚಿರುವ ಕಡಿಮೆ ಆದಾಯದ ರೋಗಿಗಳಿಗೆ ಆಸ್ಪತ್ರೆಗಳ ಮುಖಾಂತರ ನೆರವಾಗುತ್ತದೆ. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ ಹಾಗೂ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕುವಾಗ ಸಂಸದರ ಅಥವಾ ಶಾಸಕರ ಪತ್ರ ಜೊತೆಗಿರುವುದು ರೂಢಿ. ಆಸ್ಪತ್ರೆಯ ವೆಚ್ಚದ ಅಂದಾಜು, ಬಯಾಪ್ಸಿ ವರದಿ, ಆದಾಯ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ ಎಲ್ಲೆಡೆಯೂ ಬೇಕಾಗುವ ಕಾಗದಗಳು. ಇವುಗಳ ಐದಾರು ಪ್ರತಿಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಂಡರೆ ವಾರಗಟ್ಟಲೆ ಓಡಾಟ ತಪ್ಪುತ್ತದೆ.

ಅತಿ ಅಗ್ಗದ ಮಾಲಿನ ಬಗ್ಗೆ ಎಚ್ಚರ

ಕಡಿಮೆ ಬೆಲೆಯ ಆಸೆಗೆ ಬಿಲ್ಲಿಲ್ಲದ ಔಷಧಿ ಕೊಳ್ಳುವುದು ಅಪಾಯಕಾರಿ. 2024ರ ಮಾರ್ಚ್‌ನಲ್ಲಿ ದೆಹಲಿ ಪೊಲೀಸರು ದುಬಾರಿ ಕ್ಯಾನ್ಸರ್ ಔಷಧಿಗಳ ಖಾಲಿ ಸೀಸೆಗಳಿಗೆ ನಕಲಿ ದ್ರವ ತುಂಬಿ ಮಾರುತ್ತಿದ್ದ ಜಾಲವೊಂದನ್ನು ಭೇದಿಸಿದರು. ಬ್ಯಾಚ್ ಸಂಖ್ಯೆ ನಮೂದಾದ ಬಿಲ್ಲು ಪಡೆಯುವುದು ಕಡ್ಡಾಯವೆಂದು ತಿಳಿಯಬೇಕು. ಯೋಜನೆಗೆ ಬೇಕಿಲ್ಲದ ಖಾಲಿ ಸೀಸೆಯನ್ನು ಇಡಿಯಾಗಿ ಯಾರಿಗೂ ಕೊಡಬಾರದು. ಹಲವು ಚುಚ್ಚುಮದ್ದುಗಳನ್ನು 2ರಿಂದ 8 ಡಿಗ್ರಿ ಶೀತದಲ್ಲಿಯೇ ಇಡಬೇಕಾದ್ದರಿಂದ, ಬೇಸಿಗೆಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯಿಲ್ಲದೆ ಬಸ್ಸಿನಲ್ಲಿ ತರಿಸಿದ ಔಷಧಿ ಅಸಲಿಯಾಗಿದ್ದರೂ ಕೆಟ್ಟಿರಬಹುದು.

ಕೆಲಸಗಾರರ ವಿಷಯದಲ್ಲಿ ಮಾಲೀಕರ ಹೊಣೆ

ಕಾಯಿಲೆ ಬರುವುದು ಮಾಲೀಕರ ಮನೆಗೆ ಮಾತ್ರವಲ್ಲ. ಇಎಸ್‌ಐ ಅನ್ವಯಿಸುವ ಘಟಕಗಳಲ್ಲಿ ಕೆಲಸಗಾರನ ವೇತನದಿಂದ ಶೇ. 0.75, ಮಾಲೀಕರಿಂದ ಶೇ. 3.25 ವಂತಿಗೆ ಸಲ್ಲುತ್ತದೆ. ಈ ಅಲ್ಪ ವಂತಿಗೆಯು ಕ್ಯಾನ್ಸರ್ ಚಿಕಿತ್ಸೆಯನ್ನೂ ಒಳಗೊಳ್ಳುತ್ತದೆ. ಅಲ್ಲದೆ ಎರಡು ವರ್ಷ ಸೇವೆಯಲ್ಲಿರುವ ವಿಮಾದಾರನಿಗೆ, ವಂತಿಗೆಯ ಷರತ್ತು ಪೂರೈಸಿದ್ದರೆ, ಕ್ಯಾನ್ಸರಿನಂತಹ ದೀರ್ಘ ಕಾಯಿಲೆಯಲ್ಲಿ ವೇತನದ ಶೇ. 80ರಷ್ಟು ಭತ್ಯೆ ಎರಡು ವರ್ಷಗಳವರೆಗೆ ದೊರೆಯಬಹುದು. ವಂತಿಗೆ ಉಳಿಸಲು ಕೆಲಸಗಾರರ ಹೆಸರನ್ನು ಹಾಜರಿ ಪುಸ್ತಕದಿಂದ ಹೊರಗಿಟ್ಟರೆ ಈ ಆಧಾರವೇ ತಪ್ಪಿಹೋಗುತ್ತದೆ. ಹಮಾಲರು, ಮೆಣಸಿನಕಾಯಿ ತೊಟ್ಟು ಬಿಡಿಸುವ ಮಹಿಳೆಯರು ಮುಂತಾದ ಅಸಂಘಟಿತರ ಪಡಿತರ ಚೀಟಿ, ಆಧಾರ್ ಜೋಡಣೆ ಸರಿಯಿದೆಯೇ ಎಂದು ಅಂಗಡಿಯ ಗುಮಾಸ್ತರಿಂದ ವರ್ಷಕ್ಕೊಮ್ಮೆ ನೋಡಿಸುವುದು ದೊಡ್ಡ ಉಪಕಾರ.

ವಿಮೆ ಮತ್ತು ಆದಾಯ ತೆರಿಗೆ

ಆರೋಗ್ಯವಂತರಾಗಿರುವಾಗ ಕೊಂಡ ವಿಮೆಯೇ ನಡುವಿನ ವರ್ಗಕ್ಕೆ ದೊಡ್ಡ ಆಸರೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬ ಆರೋಗ್ಯ ಪಾಲಿಸಿಯ ಕಂತಿನ ಮೇಲಿನ ಶೇ. 18 ಜಿಎಸ್‌ಟಿ ರದ್ದಾಗಿದೆ. ಮಾತ್ರೆಯ ರೂಪದ ಕೀಮೋಥೆರಪಿ ಹಾಗೂ ಇಮ್ಯುನೋಥೆರಪಿಯನ್ನು ಪಾಲಿಸಿಯಿಂದ ಹೊರಗಿಡಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಸೂಚಿಸಿದೆ. ಆದರೆ ಅವಕ್ಕೆ ಒಳಮಿತಿ ಇರಬಹುದಾದ್ದರಿಂದ ಕೊಳ್ಳುವಾಗಲೇ ಆ ಪುಟ ಓದಬೇಕು. ಇದ್ದ ಕಾಯಿಲೆಯನ್ನು ಮುಚ್ಚಿಟ್ಟು ಕೊಂಡ ಪಾಲಿಸಿಯು ಬೇಕಾದ ದಿನ ಕೈಕೊಡುತ್ತದೆ.

1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಕಲಮಿನಡಿ ಕ್ಯಾನ್ಸರ್ ಚಿಕಿತ್ಸೆಗೆ 40,000 ರೂ., ಹಿರಿಯ ನಾಗರಿಕರ ಚಿಕಿತ್ಸೆಗೆ 1 ಲಕ್ಷ ರೂ. ವರೆಗೆ ಕಡಿತವಿದ್ದು, ಹಳೆಯ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಮಾತ್ರ ಅದು ಲಭ್ಯ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಅನ್ವಯಿಸುವುದರಿಂದ ಕಲಮಿನ ಸಂಖ್ಯೆ, ನಮೂನೆಗಳನ್ನು ಲೆಕ್ಕ ಪರಿಶೋಧಕರಿಂದ ಖಚಿತಪಡಿಸಿಕೊಳ್ಳಬೇಕು.

ದೀಪಾವಳಿ ಪಾಡ್ಯದಂದು ಹೊಸ ಕಿರ್ದಿ ಪುಸ್ತಕಕ್ಕೆ ಪೂಜೆ ಸಲ್ಲಿಸುವ ಸಂಪ್ರದಾಯ ಈ ಮೂರೂ ಪೇಟೆಗಳಲ್ಲಿ ಇಂದಿಗೂ ಉಳಿದಿದೆ. ಅದೇ ದಿನ ವಿಮೆಯ ಪಾಲಿಸಿ, ಪಡಿತರ ಚೀಟಿ, ಇಎಸ್‌ಐ ದಾಖಲೆಗಳನ್ನೂ ಒಮ್ಮೆ ತೆಗೆದು ನೋಡುವ ರೂಢಿ ಬೆಳೆಯಲಿ. ಸಹವ್ಯಾಪಾರಿಯ ಮನೆಗೆ ಇಂತಹ ಸಂಕಟ ಬಂದಾಗ ವಸೂಲಿಗೆ ಅವಸರಿಸದೆ ನಾಲ್ಕು ತಿಂಗಳು ತಾಳುವುದು ಮತ್ತು ನೆರವಿನ ದಾರಿ ಬಲ್ಲವರು ಅದನ್ನು ತಿಳಿಸಿಕೊಡುವುದು ಸಹ ಪೇಟೆಯ ಧರ್ಮವೇ. ಕಾಯಿಲೆಯ ಮಾತು ಆಡಿದರೆ ಪತ ಹೋಗುವುದಿಲ್ಲ ಎಂಬ ಧೈರ್ಯ ಪೇಟೆಯಲ್ಲಿ ಮೂಡಿದರೆ, ಕುಟುಂಬಗಳು ಅಂಗಡಿ ಮಾರುವ ಮೊದಲೇ ನೆರವು ಕೇಳಲು ಮುಂದಾಗುತ್ತವೆ.